ಆರೋಗ್ಯಸೇವೆ ಮತ್ತು ಹಿರಿಯರ ಆರೈಕೆಯ ಸಿಬ್ಬಂದಿ ನೇಮಕ: ಥಾಣೆ, ಡೊಂಬಿವಲಿ, ಕಲ್ಯಾಣ್ ಮತ್ತು ನವಿ ಮುಂಬಯಿ

ಆಸ್ಪತ್ರೆ, ನರ್ಸಿಂಗ್ ಹೋಂ, ವೃದ್ಧಾಶ್ರಮ, ಹಿರಿಯ ನಾಗರಿಕರ ವಸತಿ ಸಮುಚ್ಚಯ ಮತ್ತು ರೋಗಿಯ ಸ್ವಂತ ಮನೆ, ಇವುಗಳಿಗೆ ಬೇಕಾಗುವ ವೈದ್ಯರು, ದಾದಿಯರು, ತಂತ್ರಜ್ಞರು ಹಾಗೂ ಆರೈಕೆಗಾರರನ್ನು ಹುಡುಕಿ, ಅವರ ಅರ್ಹತೆಯನ್ನು ಪರಿಶೀಲಿಸಿ, ಸಂದರ್ಶಿಸಿ ಕೆಲಸಕ್ಕೆ ಸೇರಿಸಿಕೊಳ್ಳುವ ಕ್ರಮವನ್ನು ಆರೋಗ್ಯಸೇವಾ ನೇಮಕಾತಿ ಎನ್ನಲಾಗುತ್ತದೆ. ಮುಂಬಯಿ ಮಹಾನಗರಕ್ಕೆ ಹೊಂದಿಕೊಂಡು ಬೆಳೆದ ಥಾಣೆ, ಡೊಂಬಿವಲಿ, ಕಲ್ಯಾಣ್ ಮತ್ತು ನವಿ ಮುಂಬಯಿಗಳಲ್ಲಿ ಇದು ಮೂರು ದಾರಿಗಳಲ್ಲಿ ನಡೆಯುತ್ತದೆ: ಸರ್ಕಾರ ಮತ್ತು ಮಹಾನಗರಪಾಲಿಕೆಗಳು ಜಾಹೀರಾತು ಕೊಟ್ಟು ಮಾಡಿಕೊಳ್ಳುವ ನೇಮಕ, ಖಾಸಗಿ ಆಸ್ಪತ್ರೆಗಳ ಸಿಬ್ಬಂದಿ ವಿಭಾಗಗಳು ಮಾಡಿಕೊಳ್ಳುವ ನೇಮಕ, ಮನೆಗಳಿಗೂ ವೃದ್ಧಾಶ್ರಮಗಳಿಗೂ ಆಳುಗಳನ್ನು ಒದಗಿಸುವ ಬ್ಯೂರೊಗಳ ನೇಮಕ. ಮೊದಲ ಎರಡು ದಾರಿಗಳಿಗೆ ನಿಯಮಗಳ ಚೌಕಟ್ಟು ಇದೆ. ಆದರೆ ಹಾಸಿಗೆ ಹಿಡಿದ ಹಿರಿಯರ ಬಳಿ ದಿನದ ಹೆಚ್ಚು ಹೊತ್ತು ಇರುವವರು ಬರುವುದು ಮೂರನೆಯ ದಾರಿಯಿಂದ, ಮತ್ತು ಸಂದರ್ಶನ ಅತ್ಯಂತ ತೆಳುವಾಗಿರುವುದೂ ಅಲ್ಲಿಯೇ.

ಊರುಗಳು ಮತ್ತು ಆಸ್ಪತ್ರೆಗಳು

1853ರ ಏಪ್ರಿಲ್ 16ರಂದು ಬೋರಿಬಂದರಿನಿಂದ ಥಾಣೆಗೆ ದೇಶದ ಮೊದಲ ಪ್ರಯಾಣಿಕರ ರೈಲು ಓಡಿ, ಮರುವರ್ಷ ಹಳಿ ಕಲ್ಯಾಣನ್ನು ಮುಟ್ಟಿದ ಮೇಲೆ ಈ ಊರುಗಳ ಬೆಳವಣಿಗೆ ರೈಲಿನ ಹಿಂದೆಯೇ ಸಾಗಿತು. ಥಾಣೆ ಮಹಾನಗರಪಾಲಿಕೆ 1982ರಲ್ಲಿ, ಕಲ್ಯಾಣ್-ಡೊಂಬಿವಲಿ ಮಹಾನಗರಪಾಲಿಕೆ 1983ರಲ್ಲಿ ಸ್ಥಾಪನೆಯಾದವು. ಖಾಡಿಯ, ಅಂದರೆ ಸಮುದ್ರದ ಹಿನ್ನೀರಿನ, ಆಚೆ ಹೊಸ ನಗರವನ್ನು ಕಟ್ಟಲೆಂದು 1970ರಲ್ಲಿ ಹುಟ್ಟಿದ ಸಿಡ್ಕೊ ಸಂಸ್ಥೆ ರೂಪಿಸಿದ ನವಿ ಮುಂಬಯಿಗೆ 1992ರಲ್ಲಿ ತನ್ನದೇ ಮಹಾನಗರಪಾಲಿಕೆ ಬಂತು. 2011ರ ಜನಗಣತಿಯಲ್ಲಿ ಥಾಣೆ ನಗರದಲ್ಲಿ 18 ಲಕ್ಷಕ್ಕೂ, ಕಲ್ಯಾಣ್-ಡೊಂಬಿವಲಿಯಲ್ಲಿ 12 ಲಕ್ಷಕ್ಕೂ, ನವಿ ಮುಂಬಯಿಯಲ್ಲಿ 11 ಲಕ್ಷಕ್ಕೂ ಮೇಲ್ಪಟ್ಟು ಜನರಿದ್ದರು. ಅದೇ ಗಣತಿಯಂತೆ ಮಹಾರಾಷ್ಟ್ರದ ಜನಸಂಖ್ಯೆಯಲ್ಲಿ ಅರುವತ್ತು ದಾಟಿದವರ ಪ್ರಮಾಣ ಶೇ. 9.9 ಇದ್ದು, ದೇಶದ ಸರಾಸರಿಯಾದ ಶೇ. 8.6ಕ್ಕಿಂತ ಹೆಚ್ಚಾಗಿತ್ತು.

ಸರ್ಕಾರಿ ವಲಯದಲ್ಲಿ 1901ರಲ್ಲಿ ಆರಂಭವಾದ ಥಾಣೆಯ ಪ್ರಾದೇಶಿಕ ಮಾನಸಿಕ ಆಸ್ಪತ್ರೆ, ಥಾಣೆಯ ಕಳವಾ ಪ್ರದೇಶದಲ್ಲಿರುವ ಛತ್ರಪತಿ ಶಿವಾಜಿ ಮಹಾರಾಜ ಆಸ್ಪತ್ರೆ ಮತ್ತು ಅದಕ್ಕೆ ಸೇರಿದ ರಾಜೀವ್ ಗಾಂಧಿ ವೈದ್ಯಕೀಯ ಕಾಲೇಜು, ಕಲ್ಯಾಣಿನ ರುಕ್ಮಿಣಿಬಾಯಿ ಆಸ್ಪತ್ರೆ, ಡೊಂಬಿವಲಿಯ ಶಾಸ್ತ್ರಿನಗರ ಆಸ್ಪತ್ರೆ ಮುಖ್ಯವಾದವು. ಖಾಸಗಿ ವಲಯದಲ್ಲಿ 2007ರಲ್ಲಿ ತೆರೆದ ಥಾಣೆಯ ಜುಪಿಟರ್, ವಾಶಿಯ ಫೋರ್ಟಿಸ್ ಹಿರಾನಂದಾನಿ, 2016ರಲ್ಲಿ ಬೇಲಾಪುರದಲ್ಲಿ ಆರಂಭವಾದ ಅಪೊಲೊ, ನೆರೂಲಿನ ಡಿ.ವೈ. ಪಾಟೀಲ, ಕಾಮೋಠೆಯ ಎಂಜಿಎಂ ಇವು ದೊಡ್ಡ ಉದ್ಯೋಗದಾತರಾಗಿವೆ. ಖಾರ್ಘರಿನಲ್ಲಿರುವ ಟಾಟಾ ಸ್ಮಾರಕ ಕೇಂದ್ರದ ಕ್ಯಾನ್ಸರ್ ಸಂಶೋಧನಾ ಸಂಸ್ಥೆ ಸರ್ಕಾರಿ ವಲಯದ ಪಟ್ಟಿಗೆ ಸೇರುತ್ತದೆ. ಆದರೆ ಡೊಂಬಿವಲಿ ಮತ್ತು ಕಲ್ಯಾಣಿನಲ್ಲಿ ರೋಗಿಗಳ ದೊಡ್ಡ ಪಾಲನ್ನು ಹೊರುವುದು ವಸತಿ ಕಟ್ಟಡಗಳ ಕೆಳಮಹಡಿಗಳಲ್ಲಿರುವ ಸಣ್ಣ ನರ್ಸಿಂಗ್ ಹೋಂಗಳು, ಮತ್ತು ನೇಮಕಾತಿಯ ಕಷ್ಟ ಎದ್ದು ಕಾಣುವುದೂ ಅವುಗಳಲ್ಲೇ: ಅಲ್ಲಿ ತರಬೇತಾದ ನರ್ಸ್ ಅನುಭವ ಪಡೆದ ಕೂಡಲೇ ದೊಡ್ಡ ಆಸ್ಪತ್ರೆ ಅವರನ್ನು ಸೆಳೆದುಕೊಳ್ಳುತ್ತದೆ, ದೊಡ್ಡ ಆಸ್ಪತ್ರೆಯಿಂದ ಅವರು ಮುಂಬಯಿಗೋ ಕೊಲ್ಲಿ ದೇಶಗಳಿಗೋ ಹೊರಡುತ್ತಾರೆ.

ಸಿಬ್ಬಂದಿಯ ಕೊರತೆ ಬರಿಯ ಆಡಳಿತದ ಪ್ರಶ್ನೆಯಲ್ಲ ಎಂಬುದು 2023ರ ಆಗಸ್ಟ್‌ನಲ್ಲಿ ಇಡೀ ರಾಜ್ಯಕ್ಕೆ ಕಂಡಿತು. ಕಳವಾ ಪ್ರದೇಶದ ಆ ಐನೂರು ಹಾಸಿಗೆಗಳ ಆಸ್ಪತ್ರೆಯಲ್ಲಿ 24 ಗಂಟೆಗಳೊಳಗೆ 18 ರೋಗಿಗಳು ತೀರಿಕೊಂಡಾಗ ರಾಜ್ಯ ಸರ್ಕಾರ ವಿಚಾರಣಾ ಸಮಿತಿಯನ್ನು ನೇಮಿಸಿತು. ಆಗ ನಡೆದ ಸಾರ್ವಜನಿಕ ಚರ್ಚೆಯಲ್ಲಿ ಕೊನೆಯ ಗಳಿಗೆಯಲ್ಲಿ ದಾಖಲಾಗುವ ರೋಗಿಗಳು, ಹಾಸಿಗೆಗಳಿಗೆ ಮೀರಿದ ದಟ್ಟಣೆ ಇವುಗಳ ಜೊತೆಗೆ ವೈದ್ಯರ ಮತ್ತು ನರ್ಸ್‌ಗಳ ಸಂಖ್ಯೆಯ ಮಾತೂ ಬಂತು. ಸಾಮಾನ್ಯ ವಾರ್ಡಿನಲ್ಲಿ ಆರು ರೋಗಿಗಳಿಗೆ ಒಬ್ಬ ನರ್ಸ್, ತೀವ್ರ ನಿಗಾ ಘಟಕದಲ್ಲಿ ಒಬ್ಬ ರೋಗಿಗೆ ಒಬ್ಬ ನರ್ಸ್ ಇರಬೇಕೆಂಬುದು ಕೇಂದ್ರ ಸರ್ಕಾರದ ಸಿಬ್ಬಂದಿ ಪರಿಶೀಲನಾ ಘಟಕ ಹಾಕಿಕೊಟ್ಟ ಮಾನದಂಡ. ರಾತ್ರಿ ಪಾಳಿಯ ಹೊತ್ತಿಗೆ ಈ ಲೆಕ್ಕ ಉಳಿದಿರುವ ವಾರ್ಡುಗಳು ಕಡಿಮೆ.

ಹುದ್ದೆಗಳು

ನೇಮಕಾತಿಯನ್ನು ಅರ್ಥ ಮಾಡಿಕೊಳ್ಳಲು ಹುದ್ದೆಗಳ ನಡುವಣ ಗೆರೆ ತಿಳಿದಿರಬೇಕು. ಎಎನ್‌ಎಂ ಎಂಬುದು ಎರಡು ವರ್ಷಗಳ ಸಹಾಯಕ ನರ್ಸ್ ಮತ್ತು ಸೂಲಗಿತ್ತಿ ತರಬೇತಿ. ಜಿಎನ್‌ಎಂ ಮೂರು ವರ್ಷಗಳ ಡಿಪ್ಲೊಮಾ. ಬಿಎಸ್ಸಿ ನರ್ಸಿಂಗ್ ನಾಲ್ಕು ವರ್ಷಗಳ ಪದವಿ. ಆಸ್ಪತ್ರೆಯ ವಾರ್ಡಿನಲ್ಲಿ ಔಷಧ ಕೊಡುವ, ಚುಚ್ಚುಮದ್ದು ಹಾಕುವ ಅಧಿಕಾರ ಇರುವ ಸ್ಟಾಫ್ ನರ್ಸ್ ಹುದ್ದೆಗೆ ಕೊನೆಯ ಎರಡರಲ್ಲಿ ಒಂದು ಬೇಕು. ಸರ್ಕಾರಿ ಭಾಷೆಯಲ್ಲಿ ಈ ಹುದ್ದೆಗೆ ಈಗ ನರ್ಸಿಂಗ್ ಆಫೀಸರ್ ಎಂಬ ಹೆಸರು ಹೆಚ್ಚು ಬಳಕೆಯಲ್ಲಿದೆ. ಆರ್‌ಎಂಒ ಎಂದರೆ ಆಸ್ಪತ್ರೆಯಲ್ಲೇ ಪಾಳಿಯಲ್ಲಿದ್ದು ಮೊದಲ ಕರೆಗೆ ಓಡಿ ಬರುವ ನಿವಾಸಿ ವೈದ್ಯ. ಸಣ್ಣ ನರ್ಸಿಂಗ್ ಹೋಂಗಳು ಈ ಹುದ್ದೆಗೆ ಆಯುರ್ವೇದ ಅಥವಾ ಹೋಮಿಯೋಪಥಿ ಪದವೀಧರರನ್ನು ತೆಗೆದುಕೊಳ್ಳುವುದು ಈ ಭಾಗದಲ್ಲಿ ಸಾಮಾನ್ಯ. ಪ್ರಯೋಗಾಲಯ, ಎಕ್ಸ್‌ರೇ, ಡಯಾಲಿಸಿಸ್ ತಂತ್ರಜ್ಞರೂ ಫಿಸಿಯೋಥೆರಪಿಸ್ಟರೂ ಸಹವೈದ್ಯಕೀಯ ವೃತ್ತಿಗಳಿಗೆಂದು 2021ರಲ್ಲಿ ಬಂದ ರಾಷ್ಟ್ರೀಯ ಕಾಯಿದೆಯ ವ್ಯಾಪ್ತಿಗೆ ಬರುತ್ತಾರೆ.

ಇವರೆಲ್ಲರ ಕೆಳಗೆ, ರೋಗಿಗೆ ಎಲ್ಲರಿಗಿಂತ ಹತ್ತಿರದಲ್ಲಿ ಇರುವವರು ಆಯಾಗಳು ಮತ್ತು ವಾರ್ಡ್ ಬಾಯ್‌ಗಳು. ಮುಂಬಯಿ ಕಡೆಯ ಆಸ್ಪತ್ರೆಗಳಲ್ಲಿ ಆಯಾಗೆ ಮಾವಶಿ ಎಂಬ ಮರಾಠಿ ಸಂಬೋಧನೆಯೇ ರೂಢಿ. ಸ್ನಾನ ಮಾಡಿಸುವುದು, ಡೈಪರ್ ಬದಲಿಸುವುದು, ಊಟ ಮಾಡಿಸುವುದು, ಮಗ್ಗುಲು ಹೊರಳಿಸುವುದು ಇವರ ಕೆಲಸ. ಆರೋಗ್ಯ ಕ್ಷೇತ್ರದ ಕೌಶಲ ಮಂಡಳಿಯು ಜನರಲ್ ಡ್ಯೂಟಿ ಅಸಿಸ್ಟೆಂಟ್, ಹೋಂ ಹೆಲ್ತ್ ಏಡ್ ಎಂಬ ಹೆಸರಿನಲ್ಲಿ ಕೆಲವು ತಿಂಗಳುಗಳ ತರಬೇತಿ ರೂಪಿಸಿದೆಯಾದರೂ ಆ ಪ್ರಮಾಣಪತ್ರ ಇಲ್ಲದೆಯೇ ಈ ಕೆಲಸಕ್ಕೆ ಬರುವವರು ಬಹಳ. ಮನೆಯ ಆರೈಕೆಯಲ್ಲಿ ಗೆರೆ ಇನ್ನೂ ಮಸುಕಾಗುತ್ತದೆ: ಆಯಾ ಎಂದು ನೇಮಕವಾದವರಿಗೆ ಕ್ರಮೇಣ ಮೂಗಿನ ನಳಿಕೆಯಲ್ಲಿ ಆಹಾರ ಬಿಡುವ, ಕ್ಯಾಥೆಟರ್ ನೋಡಿಕೊಳ್ಳುವ, ಇನ್ಸುಲಿನ್ ಚುಚ್ಚುವ, ಕಫ ಹೀರುವ ಯಂತ್ರ ಹಿಡಿಯುವ ಕೆಲಸಗಳೂ ಬರುತ್ತವೆ. ಆಯಾಗೆ ಕೊಡುವ ಕೂಲಿಯಲ್ಲಿ ನರ್ಸಿನ ಕೆಲಸ ಮಾಡಿಸಿಕೊಳ್ಳುವ ಈ ರೂಢಿ ಕೆಲಸಗಾರರಿಗೆ ಅನ್ಯಾಯ, ರೋಗಿಗೆ ಅಪಾಯ. ನೇಮಕದ ಮಾತುಕತೆಯಲ್ಲೇ ಯಾವ ಕೆಲಸ ಮಾಡಿಸುವುದು, ಯಾವುದನ್ನು ಮಾಡಿಸದಿರುವುದು ಎಂದು ಬರೆದಿಡುವುದು ಇದಕ್ಕೆ ಇರುವ ಸರಳ ಉಪಾಯ.

ನೇಮಕದ ದಾರಿಗಳು

ಸರ್ಕಾರಿ ವಲಯದಲ್ಲಿ ವಿಚಿತ್ರವಾದ ಒಂದು ತಲೆಕೆಳಗು ಇದೆ. ಕೆಳ ಶ್ರೇಣಿಯ ಹುದ್ದೆಗಳ ಸಂದರ್ಶನದಲ್ಲಿ ಪಕ್ಷಪಾತ, ಲಂಚಗಳಿಗೆ ಎಡೆಯಾಗುತ್ತದೆಂಬ ಕಾರಣಕ್ಕೆ ಕೇಂದ್ರ ಸರ್ಕಾರ 2016ರ ಜನವರಿ 1ರಿಂದ ಅಂಥ ಹುದ್ದೆಗಳಿಗೆ ಸಂದರ್ಶನವನ್ನೇ ಕೈಬಿಟ್ಟಿತು. ಕಾಯಂ ನರ್ಸ್ ಹುದ್ದೆಗಳು ಈಗ ಬಹುಮಟ್ಟಿಗೆ ಲಿಖಿತ ಪರೀಕ್ಷೆಯ ಅಂಕಗಳ ಮೇಲೆ ತುಂಬುತ್ತವೆ. ಹಾಗೆ ಜೀವಮಾನದ ಹುದ್ದೆಗೆ ಬರುವವರ ಕೈಕೆಲಸವನ್ನು ಯಾರೂ ನೋಡುವುದಿಲ್ಲ. ವರ್ಷದೊಳಗಿನ ಕರಾರಿಗೆ ಬರುವವರನ್ನು ಮಾತ್ರ ಮಹಾನಗರಪಾಲಿಕೆಯ ಕಚೇರಿಯಲ್ಲಿ ನೇರ ಸಂದರ್ಶನಕ್ಕೆ ಕರೆಯುತ್ತಾರೆ. ಮರಾಠಿಯಲ್ಲಿ ಥೇಟ್ ಮುಲಾಖತ್ ಎಂದು ಜಾಹೀರಾತಾಗುವ ಈ ಸಂದರ್ಶನಗಳಿಗೆ ಅಭ್ಯರ್ಥಿಗಳು ಮೂಲ ಪ್ರಮಾಣಪತ್ರಗಳನ್ನೂ ಸಹಿ ಹಾಕಿದ ನಕಲುಗಳನ್ನೂ ಹಿಡಿದು ಬೆಳಿಗ್ಗೆಯೇ ಸಾಲು ನಿಲ್ಲುತ್ತಾರೆ; ದಾಖಲೆ ಪರಿಶೀಲನೆಗೆ ಹೆಚ್ಚು ಸಮಯ ಹೋಗಿ, ಪ್ರಶ್ನೆಗಳಿಗೆ ಕೆಲವೇ ನಿಮಿಷ ಉಳಿಯುತ್ತದೆ. ರಾಜ್ಯದ ಹುದ್ದೆಗಳಿಗೆ ಮರಾಠಿ ಜ್ಞಾನ ಮತ್ತು ನಿವಾಸಿ ಪ್ರಮಾಣಪತ್ರ ಬೇಕಾಗುತ್ತದೆ. ಮಹಾರಾಷ್ಟ್ರ ತನ್ನದೆಂದು ಹೇಳುವ ಗಡಿಭಾಗದ 865 ಹಳ್ಳಿಗಳ ಮರಾಠಿ ಭಾಷಿಕರಿಗೆ ಇದರಲ್ಲಿ ಪ್ರತ್ಯೇಕ ಅವಕಾಶ ಇರುವುದರಿಂದ ಬೆಳಗಾವಿ ಕಡೆಯ ಕೆಲವರು ಈ ದಾರಿಯಲ್ಲಿ ಬರಬಲ್ಲರು.

ಖಾಸಗಿ ಆಸ್ಪತ್ರೆಗಳು ವಾಕ್-ಇನ್ ಇಂಟರ್‌ವ್ಯೂ, ನರ್ಸಿಂಗ್ ಕಾಲೇಜುಗಳಿಗೆ ಹೋಗಿ ನಡೆಸುವ ಆಯ್ಕೆ, ಮತ್ತು ಈಗಾಗಲೇ ಕೆಲಸದಲ್ಲಿರುವವರ ಶಿಫಾರಸು, ಈ ಮೂರನ್ನೂ ಬಳಸುತ್ತವೆ. ಕೊನೆಯದಕ್ಕೆ ಈ ಊರುಗಳಲ್ಲಿ ಹಳೆಯ ಬೇರುಗಳಿವೆ. ಕೇರಳದಿಂದಲೂ ಕರಾವಳಿ ಕರ್ನಾಟಕದಿಂದಲೂ ಹೆಣ್ಣುಮಕ್ಕಳು ದಾದಿ ಕೆಲಸಕ್ಕೆಂದು ಮುಂಬಯಿಗೆ ಬರುತ್ತಿದ್ದುದು ಹಲವು ತಲೆಮಾರುಗಳ ಮಾತು. 1880ರಲ್ಲಿ ಮಂಗಳೂರಿನ ಕಂಕನಾಡಿಯಲ್ಲಿ ಆರಂಭವಾದ ಫಾದರ್ ಮುಲ್ಲರ್ ಸಂಸ್ಥೆಗಳಲ್ಲಿ, ಮಣಿಪಾಲದಲ್ಲಿ ಕಲಿತವರು ಒಬ್ಬರ ಹಿಂದೆ ಒಬ್ಬರಂತೆ ಅದೇ ವಾರ್ಡುಗಳಿಗೆ ಸೇರಿ, ಒಂದೇ ಬಾಡಿಗೆ ಮನೆಯಲ್ಲಿ ನಾಲ್ಕೈದು ಮಂದಿ ಉಳಿದುಕೊಳ್ಳುವುದು ಸಾಮಾನ್ಯವಾಗಿತ್ತು.

ಆ ವಲಸೆಯ ಚರಿತ್ರೆಯಲ್ಲಿ ಮರೆಯಲಾಗದ ಹೆಸರು ಉತ್ತರ ಕನ್ನಡ ಜಿಲ್ಲೆಯ ಹಳದೀಪುರದ ಅರುಣಾ ಶಾನಭಾಗ ಅವರದು. ಮುಂಬಯಿಯ ಕೆಇಎಂ ಆಸ್ಪತ್ರೆಯಲ್ಲಿ ನರ್ಸ್ ಆಗಿದ್ದ ಅವರ ಮೇಲೆ 1973ರ ನವೆಂಬರ್ 27ರಂದು ಆಸ್ಪತ್ರೆಯ ಆವರಣದಲ್ಲೇ ಸಹೋದ್ಯೋಗಿಯೊಬ್ಬ ಹಲ್ಲೆ ಮತ್ತು ಅತ್ಯಾಚಾರ ಎಸಗಿದ. ಮೆದುಳಿಗೆ ಆದ ಹಾನಿಯಿಂದ ಅವರು 2015ರ ಮೇ 18ರಂದು ತೀರಿಕೊಳ್ಳುವವರೆಗೂ ಚೇತರಿಸಿಕೊಳ್ಳಲಿಲ್ಲ. ಅಷ್ಟೂ ವರ್ಷ ಅವರನ್ನು ನೋಡಿಕೊಂಡದ್ದು ಅದೇ ಆಸ್ಪತ್ರೆಯ ದಾದಿಯರು, ಮತ್ತು ಅಷ್ಟು ದೀರ್ಘ ಕಾಲ ಮಲಗಿದ್ದರೂ ಅವರಿಗೆ ಹಾಸಿಗೆ ಹುಣ್ಣು ಆಗಲಿಲ್ಲವೆಂಬ ಸಂಗತಿ ದಯಾಮರಣ ಕುರಿತ 2011ರ ಸುಪ್ರೀಂ ಕೋರ್ಟ್ ತೀರ್ಪಿನಲ್ಲಿ ದಾಖಲಾಗಿದೆ. ಈ ಪ್ರಕರಣ ನೇಮಕಾತಿಗೆ ಎರಡು ಪಾಠಗಳನ್ನು ಕೊಡುತ್ತದೆ: ರಾತ್ರಿ ಪಾಳಿಗೆ ಹೆಣ್ಣುಮಕ್ಕಳನ್ನು ತೆಗೆದುಕೊಳ್ಳುವ ಸಂಸ್ಥೆ ಅವರ ಬಟ್ಟೆ ಬದಲಿಸುವ ಕೋಣೆ, ಹೋಗಿಬರುವ ದಾರಿ, ದೂರು ಸಮಿತಿ ಇವುಗಳ ಬಗ್ಗೆ ಅಭ್ಯರ್ಥಿಗೆ ಉತ್ತರ ಕೊಡಬೇಕಾದ ಹೊಣೆ ಹೊತ್ತಿರುತ್ತದೆ, ಮತ್ತು ಆರೈಕೆಯ ಗುಣವನ್ನು ಅಳೆಯಲು ಬೆನ್ನಿನ ಚರ್ಮಕ್ಕಿಂತ ನಂಬಬಹುದಾದ ಸಾಕ್ಷ್ಯ ಇಲ್ಲ.

ದಾಖಲೆಗಳ ಪರಿಶೀಲನೆ

1966ರ ಮಹಾರಾಷ್ಟ್ರ ದಾದಿಯರ ಕಾಯಿದೆಯ ಪ್ರಕಾರ ರಾಜ್ಯದಲ್ಲಿ ನರ್ಸ್ ಆಗಿ ದುಡಿಯಲು ಮಹಾರಾಷ್ಟ್ರ ನರ್ಸಿಂಗ್ ಕೌನ್ಸಿಲ್‌ನಲ್ಲಿ ನೋಂದಣಿ ಬೇಕು, ಮತ್ತು ಅದನ್ನು ಐದು ವರ್ಷಕ್ಕೊಮ್ಮೆ ನವೀಕರಿಸಬೇಕು. ಬೇರೆ ರಾಜ್ಯದಲ್ಲಿ ಕಲಿತವರು, ಉದಾಹರಣೆಗೆ ಕರ್ನಾಟಕ ರಾಜ್ಯ ಶುಶ್ರೂಷಾ ಪರಿಷತ್ತಿನಲ್ಲಿ ನೋಂದಾಯಿತರಾದವರು, ಅಲ್ಲಿಂದ ನಿರಾಕ್ಷೇಪಣಾ ಪತ್ರ ತಂದು ಇಲ್ಲಿ ಮತ್ತೆ ನೋಂದಾಯಿಸಿಕೊಳ್ಳಬೇಕಾಗುತ್ತದೆ. ದೇಶವ್ಯಾಪಿ ನರ್ಸ್‌ಗಳ ನೋಂದಣಿ ವ್ಯವಸ್ಥೆಯಲ್ಲಿ ಸಿಗುವ ಎನ್‌ಯುಐಡಿ ಸಂಖ್ಯೆ ಈ ಪರಿಶೀಲನೆಯನ್ನು ಸುಲಭಗೊಳಿಸಿದೆ. ಕನ್ನಡದ ಹುಡುಗಿಯರನ್ನು ಇಲ್ಲಿ ಕಾಡುವುದು ಹೆಚ್ಚಾಗಿ ಹೆಸರಿನ ತೊಡಕು. ಕರ್ನಾಟಕದ ಅಂಕಪಟ್ಟಿಯಲ್ಲಿ ಹೆಸರಿನ ಜೊತೆ ಒಂದೆರಡು ಇನಿಷಿಯಲ್ ಮಾತ್ರ ಇರುತ್ತದೆ. ಮಹಾರಾಷ್ಟ್ರದ ಅರ್ಜಿ ಮೊದಲು ಆಡ್ನಾವ (ಕುಲನಾಮ), ಆಮೇಲೆ ಹೆಸರು, ಆಮೇಲೆ ತಂದೆಯ ಅಥವಾ ಗಂಡನ ಹೆಸರು ಕೇಳುತ್ತದೆ. ಮದುವೆಯಾದ ಮೇಲೆ ಆಧಾರ್ ಕಾರ್ಡಿನಲ್ಲಿ ಮತ್ತೊಂದು ಹೆಸರು ಸೇರಿರುತ್ತದೆ. ಮೂರು ದಾಖಲೆಗಳಲ್ಲಿ ಮೂರು ಬಗೆಯಾಗಿ ಇರುವ ಒಬ್ಬಳೇ ವ್ಯಕ್ತಿಯ ಅರ್ಜಿಯನ್ನು ಗುಮಾಸ್ತರು ಬದಿಗಿಟ್ಟುಬಿಡುವುದುಂಟು. ಅಫಿಡವಿಟ್ ಅಥವಾ ಗೆಜೆಟ್ ಪ್ರಕಟಣೆ ಮಾಡಿಸಿಕೊಂಡು ಬಂದವರಿಗೆ ಈ ಅಡ್ಡಿ ಇರುವುದಿಲ್ಲ.

ವೈದ್ಯರಿಗೆ ರಾಜ್ಯ ವೈದ್ಯಕೀಯ ಪರಿಷತ್ತಿನ ನೋಂದಣಿ ಬೇಕು. ಆಸ್ಪತ್ರೆಗಳ ಗುಣಮಟ್ಟಕ್ಕೆ ಮಾನ್ಯತೆ ಕೊಡುವ ಎನ್‌ಎಬಿಎಚ್ ಸಂಸ್ಥೆ ಇನ್ನೂ ಒಂದು ಹೆಜ್ಜೆ ಮುಂದೆ ಹೋಗಿ, ಪದವಿಯ ಸತ್ಯಾಸತ್ಯತೆಯನ್ನು ನೋಡುವುದರ ಜೊತೆಗೆ ಯಾವ ವೈದ್ಯ ಅಥವಾ ನರ್ಸ್ ಆ ಆಸ್ಪತ್ರೆಯಲ್ಲಿ ಯಾವ ಯಾವ ಕೆಲಸ ಮಾಡಬಹುದೆಂದು ಹೆಸರು ಹೆಸರಾಗಿ ನಿಗದಿಪಡಿಸಬೇಕೆನ್ನುತ್ತದೆ. ನರ್ಸಿಂಗ್ ಹೋಂಗಳಿಗೆ 1949ರ ನೋಂದಣಿ ಕಾಯಿದೆ ಅನ್ವಯಿಸುತ್ತದೆ. ಕೆಲಸಕ್ಕಿರುವವರಲ್ಲಿ ಅರ್ಹ ನರ್ಸ್‌ಗಳ ಪ್ರಮಾಣ ಸರಿಯಾಗಿ ಇಲ್ಲದಿದ್ದರೆ ನೋಂದಣಿಯನ್ನು ನಿರಾಕರಿಸಲು ಅದರಲ್ಲಿ ಅವಕಾಶವಿದೆ. ಆಯಾಗಳ ವಿಷಯದಲ್ಲಿ ಇಂಥ ಯಾವ ಪರಿಷತ್ತೂ ಇಲ್ಲದ್ದರಿಂದ ಪರಿಶೀಲನೆ ಎಂದರೆ ಆಧಾರ್ ನಕಲು ಮತ್ತು ಪೊಲೀಸ್ ತಪಾಸಣೆ ಅಷ್ಟೇ. ಥಾಣೆ, ಕಲ್ಯಾಣ್, ಡೊಂಬಿವಲಿಗಳು ಥಾಣೆ ಪೊಲೀಸ್ ಕಮಿಷನರೇಟಿಗೂ ನವಿ ಮುಂಬಯಿ ತನ್ನದೇ ಕಮಿಷನರೇಟಿಗೂ ಸೇರಿರುವುದರಿಂದ, ಡೊಂಬಿವಲಿಯಲ್ಲಿ ವಾಸವಿದ್ದು ನೆರೂಲಿನಲ್ಲಿ ದುಡಿಯುವವರ ತಪಾಸಣೆ ಎಲ್ಲಿ ನಡೆಯಬೇಕೆಂಬ ಗೊಂದಲದಲ್ಲೇ ಅದು ನಡೆಯದೆ ಉಳಿಯುವುದುಂಟು.

ಸಂದರ್ಶನ

ಅನುಭವವುಳ್ಳ ಮೇಟ್ರನ್, ಅಂದರೆ ದಾದಿಯರ ಮುಖ್ಯಸ್ಥೆ, ನಡೆಸುವ ಸಂದರ್ಶನ ವ್ಯಾಖ್ಯೆಗಳ ಬಾಯಿಪಾಠವನ್ನು ಬಿಟ್ಟು ಸನ್ನಿವೇಶದಿಂದ ಆರಂಭವಾಗುತ್ತದೆ. ರಾತ್ರಿ ಮೂರು ಗಂಟೆಗೆ ಸಕ್ಕರೆ ಕಾಯಿಲೆಯ ರೋಗಿ ಬೆವತಿದ್ದಾರೆ, ಗ್ಲೂಕೋಮೀಟರ್ 52 ತೋರಿಸುತ್ತಿದೆ, ಏನು ಮಾಡುವಿರಿ ಎಂದು ಕೇಳಿದರೆ, ಪ್ರಜ್ಞೆ ಇದ್ದರೆ ಬಾಯಿಗೆ ಗ್ಲೂಕೋಸ್, ಇಲ್ಲದಿದ್ದರೆ ರಕ್ತನಾಳಕ್ಕೆ ಡೆಕ್ಸ್ಟ್ರೋಸ್, ಕೂಡಲೇ ಆರ್‌ಎಂಒಗೆ ಕರೆ, ಹದಿನೈದು ನಿಮಿಷದಲ್ಲಿ ಮರುಪರೀಕ್ಷೆ ಎಂಬ ಅನುಕ್ರಮ ಅಭ್ಯರ್ಥಿಯ ಬಾಯಿಂದ ಬರಬೇಕು. ಬಳಸಿದ ಸೂಜಿ ಬೆರಳಿಗೆ ಚುಚ್ಚಿದರೆ ಹಿಂಡದೆ ಸೋಪು ನೀರಿನಲ್ಲಿ ತೊಳೆದು, ಮುಚ್ಚಿಡದೆ ವರದಿ ಮಾಡಿ, ಎಚ್‌ಐವಿ ತಡೆ ಔಷಧವನ್ನು ಸಾಧ್ಯವಾದರೆ ಎರಡು ಗಂಟೆಯೊಳಗೆ, ಹೆಚ್ಚೆಂದರೆ 72 ಗಂಟೆಯೊಳಗೆ ಆರಂಭಿಸಬೇಕು ಎಂಬುದು ಗೊತ್ತಿದೆಯೇ, 2016ರ ವೈದ್ಯಕೀಯ ತ್ಯಾಜ್ಯ ನಿಯಮದ ಹಳದಿ, ಕೆಂಪು, ಬಿಳಿ, ನೀಲಿ ಡಬ್ಬಿಗಳಲ್ಲಿ ಯಾವುದಕ್ಕೆ ಏನು ಹೋಗುತ್ತದೆ ಎಂಬುದು ಗೊತ್ತಿದೆಯೇ ಎಂಬ ಪ್ರಶ್ನೆಗಳು ಎಲ್ಲ ಆಸ್ಪತ್ರೆಗಳಲ್ಲೂ ಸಾಮಾನ್ಯ. ಒಮ್ಮೆ ತಪ್ಪು ಔಷಧ ಕೊಟ್ಟದ್ದು ಗೊತ್ತಾದಾಗ ಏನು ಮಾಡಿದಿರಿ ಎಂಬ ಪ್ರಶ್ನೆಗೆ ಹಾಗೆ ಎಂದೂ ಆಗಿಲ್ಲ ಎನ್ನುವವರಿಗಿಂತ, ಯಾರಿಗೆ ಹೇಳಿದೆ, ರೋಗಿಯನ್ನು ಹೇಗೆ ನೋಡಿಕೊಂಡೆ ಎಂದು ವಿವರಿಸುವವರನ್ನು ಆಯ್ದುಕೊಳ್ಳುವುದು ಒಳ್ಳೆಯ ಮೇಟ್ರನ್ನರ ರೀತಿ.

ಹಿರಿಯರ ಆರೈಕೆಗೆ ಬರುವವರನ್ನು ಮಾತಿನಿಂದ ಅಳೆಯುವುದು ಕಷ್ಟ. ಅನೇಕರು ಶಹಾಪುರ, ಮುರಬಾಡ ತಾಲ್ಲೂಕುಗಳಿಂದ, ವಿದರ್ಭ, ಮರಾಠವಾಡಗಳಿಂದ, ಇನ್ನೂ ದೂರದ ರಾಜ್ಯಗಳಿಂದ ಬಂದವರು. ಮೇಜಿನ ಎದುರು ಕೂರಿಸಿ ಪ್ರಶ್ನೆ ಕೇಳಿದರೆ ಹೆದರಿ ಸುಮ್ಮನಾಗುತ್ತಾರೆ. ಅವರ ಸಂದರ್ಶನ ಹಾಸಿಗೆಯ ಪಕ್ಕದಲ್ಲೇ ನಡೆಯಬೇಕು. ಒಂದು ಮಂಚ, ಒಂದು ಗಾಲಿಕುರ್ಚಿ, ರೋಗಿಯ ಜಾಗದಲ್ಲಿ ಸಿಬ್ಬಂದಿಯಲ್ಲೊಬ್ಬರು ಇದ್ದರೆ ಸಾಕು. ಪಾರ್ಶ್ವವಾಯುವಿನಿಂದ ಎಡಗೈ ಎಡಗಾಲು ಬಿದ್ದವರನ್ನು ಕುರ್ಚಿಗೆ ದಾಟಿಸಿ ಎಂದಾಗ ಬಲ್ಲವರು ಕುರ್ಚಿಯನ್ನು ಶಕ್ತಿ ಇರುವ ಬಲಮಗ್ಗುಲಿಗೆ ತಂದಿಡುತ್ತಾರೆ, ಎರಡೂ ಗಾಲಿಗಳ ಬ್ರೇಕ್ ಹಾಕುತ್ತಾರೆ, ಕಾಲಿಡುವ ಪಟ್ಟಿಗಳನ್ನು ಮೇಲಕ್ಕೆ ಮಡಚುತ್ತಾರೆ, ತೋಳು ಹಿಡಿದು ಎಳೆಯದೆ ಸೊಂಟವನ್ನು ಆಧರಿಸುತ್ತಾರೆ. ಎಲ್ಲಕ್ಕಿಂತ ಮೊದಲು, ಆಜಿ, ಈಗ ಏಳೋಣ ಎಂದು ಹೇಳಿ ಆಮೇಲೆ ಮೈ ಮುಟ್ಟುತ್ತಾರೆ. ಊಟ ಮಾಡಿಸುವ ಪರೀಕ್ಷೆಯಲ್ಲಿ ಬೆನ್ನು ನೆಟ್ಟಗೆ ಇರಿಸಿ, ಗಲ್ಲ ಸ್ವಲ್ಪ ಬಗ್ಗಿಸಿ, ಮೊದಲ ತುತ್ತು ನುಂಗಿದ ಮೇಲೆಯೇ ಎರಡನೆಯದನ್ನು ಕೊಡುವ ತಾಳ್ಮೆಯನ್ನು ನೋಡಬೇಕು, ಏಕೆಂದರೆ ಅವಸರದ ತುತ್ತು ಶ್ವಾಸಕೋಶಕ್ಕೆ ಇಳಿದು ನ್ಯುಮೋನಿಯಾ ಆಗುತ್ತದೆ. ಎರಡು ಗಂಟೆಗೊಮ್ಮೆ ಮಗ್ಗುಲು ಬದಲಿಸುವುದು ಏಕೆ ಎಂದು ಕೇಳಿದರೆ ಪುಸ್ತಕದ ಉತ್ತರ ಬಾರದಿದ್ದರೂ, ಹಿಮ್ಮಡಿ, ಸೊಂಟ, ಬೆನ್ನಿನ ಕೆಳಭಾಗಗಳನ್ನು ಕೈಯಿಂದ ತೋರಿಸಿ ಇಲ್ಲಿ ಕೆಂಪಾಗುತ್ತದೆ ಎಂದವರು ಕೆಲಸ ಬಲ್ಲವರು. ಈ ಪರೀಕ್ಷೆಗಳಿಗೆ ಅರ್ಧ ಗಂಟೆ ಸಾಕು. ಅಷ್ಟು ಹೊತ್ತನ್ನೂ ಕೊಡದೆ, ನಾಳೆ ಬೆಳಿಗ್ಗೆ ಎಂಟಕ್ಕೆ ಬನ್ನಿ ಎಂದು ಫೋನಿನಲ್ಲೇ ಮುಗಿಸುವುದು ಈಗಿನ ಸಾಮಾನ್ಯ ಪದ್ಧತಿ.

ಮರೆವಿನ ಕಾಯಿಲೆ ಇರುವವರ ಆರೈಕೆಯಲ್ಲಿ ಭಾಷೆ ಒಂದು ಅರ್ಹತೆಯೇ ಆಗುತ್ತದೆ. ಹೋಟೆಲು, ಗಿರಣಿ, ಬ್ಯಾಂಕು, ಕಚೇರಿಗಳಿಗೆಂದು ಬಂದು ಡೊಂಬಿವಲಿ, ಥಾಣೆ, ನೆರೂಲುಗಳಲ್ಲಿ ಮನೆ ಮಾಡಿದ ಮೊದಲ ತಲೆಮಾರಿನ ಕನ್ನಡಿಗರು, ತುಳುವರು ಈಗ ಮುಪ್ಪಿನಲ್ಲಿದ್ದಾರೆ. ಮಕ್ಕಳು ಬೇರೆ ಊರು, ಬೇರೆ ದೇಶಗಳಲ್ಲಿದ್ದಾರೆ. ಐವತ್ತು ವರ್ಷ ಮರಾಠಿ, ಹಿಂದಿಗಳಲ್ಲಿ ವ್ಯವಹರಿಸಿದವರೂ ಡಿಮೆನ್ಷಿಯಾ ಬಲಿತಂತೆ ಆಮೇಲೆ ಕಲಿತ ಭಾಷೆಗಳನ್ನು ಕಳೆದುಕೊಂಡು ಮೊದಲ ಭಾಷೆಗೆ ಮರಳುವುದು ವೈದ್ಯರಿಗೆ ಪರಿಚಿತ ಸಂಗತಿ. ಬಾಯಾರಿಕೆ, ನೋವು, ಬಚ್ಚಲಿಗೆ ಹೋಗಬೇಕು ಎಂಬ ಮೂರು ಮಾತು ಅರ್ಥವಾಗದ ಆರೈಕೆಗಾರರ ಎದುರು ಅಂಥವರು ರೇಗಿದಾಗ ಅದನ್ನು ಹುಚ್ಚು ಎಂದೋ ಹಟ ಎಂದೋ ತಿಳಿದು ಮಾತ್ರೆ ಹೆಚ್ಚಿಸುವ ಅಪಾಯವಿದೆ. ಮುಂಬಯಿಯ ಸಯನ್‌ನಲ್ಲಿ ಗೋಕುಲ ಎಂಬ ಕಟ್ಟಡವನ್ನು ಕೇಂದ್ರವಾಗಿರಿಸಿಕೊಂಡ, ದಕ್ಷಿಣ ಕನ್ನಡ ಮೂಲದವರ ಬಿಎಸ್‌ಕೆಬಿ ಅಸೋಸಿಯೇಶನ್ ನೆರೂಲಿನಲ್ಲಿ ಹಿರಿಯರಿಗಾಗಿ ಆಶ್ರಯ ಎಂಬ ವಸತಿಯನ್ನು ನಡೆಸುತ್ತಿರುವುದಕ್ಕೆ ಈ ದೃಷ್ಟಿಯಿಂದ ಹೆಚ್ಚಿನ ಬೆಲೆ ಇದೆ. ಕನ್ನಡ ಬಲ್ಲ ಆರೈಕೆಗಾರರು ಸಿಗದ ಕಡೆ ಕನಿಷ್ಠ ಇಪ್ಪತ್ತು ಕನ್ನಡ ಅಥವಾ ತುಳು ಮಾತುಗಳನ್ನು ಬರೆದುಕೊಟ್ಟು ಕಲಿಸುವುದು ನೇಮಕದ ಭಾಗವಾಗಬೇಕು. ಕುಟುಂಬದವರೇ ಇದನ್ನು ಒಂದು ಸಂಜೆ ಮಾಡಬಹುದು.

ಬ್ಯೂರೊಗಳು

ಪೇಷಂಟ್ ಕೇರ್ ಬ್ಯೂರೊ, ನರ್ಸಿಂಗ್ ಬ್ಯೂರೊ ಎಂಬ ಹೆಸರಿನ ಮಧ್ಯಸ್ಥ ಸಂಸ್ಥೆಗಳು ರೈಲು ನಿಲ್ದಾಣಗಳ ಸುತ್ತಲಿನ ಸಣ್ಣ ಕೋಣೆಗಳಿಂದ ಕೆಲಸ ಮಾಡುತ್ತವೆ. ಕುಟುಂಬ ಹನ್ನೆರಡು ಗಂಟೆಯ ಅಥವಾ ಇಪ್ಪತ್ತನಾಲ್ಕು ಗಂಟೆಯ ಡ್ಯೂಟಿಗೆ ಆಳು ಕೇಳುತ್ತದೆ, ಬ್ಯೂರೊ ಕಳುಹಿಸುತ್ತದೆ, ಕುಟುಂಬ ಕೊಟ್ಟ ಹಣದಲ್ಲಿ ಕಮಿಷನ್ ಮುರಿದುಕೊಂಡು ಉಳಿದದ್ದನ್ನು ಕೆಲಸಗಾರರಿಗೆ ಕೊಡುತ್ತದೆ. ಹೊಂದಿಕೆಯಾಗದಿದ್ದರೆ ಬದಲಿ ಆಳು ಬರುತ್ತದೆ. ಇಪ್ಪತ್ತನಾಲ್ಕು ಗಂಟೆಯ ಡ್ಯೂಟಿ ಎಂದರೆ ಮನೆಯಲ್ಲೇ ಉಳಿಯುವುದು. ನಿದ್ದೆಯ ಹೊತ್ತು, ಊಟ, ವಾರದ ರಜೆ ಇವು ಯಾವ ಕಾಗದದಲ್ಲೂ ಇರುವುದಿಲ್ಲ. ಬದಲಿ ಸುಲಭವಾಗಿ ಸಿಗುವುದರಿಂದ ಸಂದರ್ಶನ ಅನಗತ್ಯವೆಂದು ಎರಡೂ ಕಡೆಯವರು ಭಾವಿಸುತ್ತಾರೆ, ಆದರೆ ಹೊಸ ಮುಖವನ್ನು ವಾರಕ್ಕೊಮ್ಮೆ ನೋಡುವ ಮರೆವಿನ ರೋಗಿಗೆ ಪ್ರತಿ ಬದಲಿಯೂ ಭಯದ ಕಾರಣವಾಗುತ್ತದೆ.

ಕಾನೂನು ಈ ವಲಯವನ್ನು ಇನ್ನೂ ಮುಟ್ಟಿಲ್ಲ. 2007ರ ಪಾಲಕರ ಮತ್ತು ಹಿರಿಯ ನಾಗರಿಕರ ಪೋಷಣೆ ಹಾಗೂ ಕಲ್ಯಾಣ ಕಾಯಿದೆ ಪ್ರತಿ ಜಿಲ್ಲೆಯಲ್ಲಿ ಕನಿಷ್ಠ 150 ಮಂದಿಗೆ ಸ್ಥಳವಿರುವ ವೃದ್ಧಾಶ್ರಮದ ಮಾತಾಡುತ್ತದೆ. ಅಲ್ಲಿ ದುಡಿಯುವವರ ಅರ್ಹತೆಯನ್ನು ವಿವರಿಸುವುದಿಲ್ಲ. ಮನೆ ಆರೈಕೆಯ ಸಂಸ್ಥೆಗಳು ನೋಂದಾಯಿಸಿಕೊಂಡು, ತರಬೇತಾದ, ಪೊಲೀಸ್ ತಪಾಸಣೆಯಾದ ಆರೈಕೆಗಾರರನ್ನೇ ಕಳುಹಿಸಬೇಕೆಂಬ ತಿದ್ದುಪಡಿ ಮಸೂದೆ 2019ರ ಡಿಸೆಂಬರಿನಲ್ಲಿ ಲೋಕಸಭೆಗೆ ಬಂತಾದರೂ ಆ ಲೋಕಸಭೆಯ ಅವಧಿಯಲ್ಲಿ ಅಂಗೀಕಾರವಾಗಲಿಲ್ಲ. 2024ರಲ್ಲಿ ಮಹಾರಾಷ್ಟ್ರದ ರಿಯಲ್ ಎಸ್ಟೇಟ್ ನಿಯಂತ್ರಣ ಪ್ರಾಧಿಕಾರ (ರೇರಾ) ಹಿರಿಯರ ವಸತಿ ಯೋಜನೆಗಳಿಗೆ ಮಾದರಿ ಮಾರ್ಗಸೂಚಿ ಹೊರಡಿಸಿ ಬಾಗಿಲುಗಳ ಅಗಲ 900 ಮಿಲಿಮೀಟರಿಗೆ ಕಡಿಮೆ ಇರಬಾರದು, ಇಳಿಜಾರು ದಾರಿ, ಲಿಫ್ಟ್ ಇರಬೇಕು ಎಂದಿತು. ಗಾಲಿಕುರ್ಚಿ ಹಾಯುವ ಬಾಗಿಲಿಗೆ ಅಳತೆ ಸಿಕ್ಕಿದೆ, ಅದನ್ನು ತಳ್ಳುವವರಿಗೆ ಇನ್ನೂ ಸಿಕ್ಕಿಲ್ಲ.

ಕೇಳಬಾರದ ಪ್ರಶ್ನೆಗಳು, ಕೂಲಿ ಮತ್ತು ಬಾಂಡ್

ಮದುವೆ ಯಾವಾಗ, ಮಕ್ಕಳು ಯಾವಾಗ ಎಂಬ ಪ್ರಶ್ನೆಗಳು ದಾದಿಯರ ಸಂದರ್ಶನದಲ್ಲಿ ಇಂದಿಗೂ ಕೇಳಿಬರುತ್ತವೆ. ಜೀವ ವಿಮಾ ನಿಗಮ ನೇಮಕದ ವೇಳೆ ತುಂಬಿಸಿಕೊಳ್ಳುತ್ತಿದ್ದ ಘೋಷಣಾ ಪತ್ರದಲ್ಲಿದ್ದ ಮುಟ್ಟು ಮತ್ತು ಗರ್ಭಧಾರಣೆಯ ಪ್ರಶ್ನೆಗಳು ಹೆಣ್ಣಿನ ಘನತೆಗೆ ತಕ್ಕುದಲ್ಲವೆಂದು ಸುಪ್ರೀಂ ಕೋರ್ಟ್ 1991ರಲ್ಲೇ ನೀರಾ ಮಾಥುರ್ ಪ್ರಕರಣದಲ್ಲಿ ಹೇಳಿದೆ. ಎಚ್‌ಐವಿ ಸೋಂಕಿದೆ ಎಂಬ ಒಂದೇ ಕಾರಣಕ್ಕೆ ಕೆಲಸ ಮಾಡಲು ಶಕ್ತರಾದವರನ್ನು ನಿರಾಕರಿಸುವಂತಿಲ್ಲವೆಂದು ಬಾಂಬೆ ಹೈಕೋರ್ಟ್ 1997ರಲ್ಲಿ ತೀರ್ಪಿತ್ತಿತು. ಕೆಲಸಕ್ಕೆ ಮುನ್ನ ಎಚ್‌ಐವಿ ಪರೀಕ್ಷೆಯನ್ನು ಷರತ್ತಾಗಿಸುವುದನ್ನೇ 2017ರ ಕಾಯಿದೆ ನಿಷೇಧಿಸಿದೆ. ಹೆಪಟೈಟಿಸ್-ಬಿ ಲಸಿಕೆ ಹಾಕಿಸಿದೆಯೇ ಎಂದು ಕೇಳುವುದು, ಹಾಕಿಸಿರದಿದ್ದರೆ ಸಂಸ್ಥೆಯೇ ಹಾಕಿಸುವುದು ಸರಿಯಾದ ಕ್ರಮ.

ಖಾಸಗಿ ನರ್ಸ್‌ಗಳ ಕೂಲಿಯ ವಿಷಯದಲ್ಲಿ ಸುಪ್ರೀಂ ಕೋರ್ಟಿನ 2016ರ ನಿರ್ದೇಶನದಂತೆ ಕೇಂದ್ರ ನೇಮಿಸಿದ ಸಮಿತಿ, 200ಕ್ಕಿಂತ ಹೆಚ್ಚು ಹಾಸಿಗೆಗಳ ಆಸ್ಪತ್ರೆಗಳು ಸರ್ಕಾರಿ ಸಂಬಳಕ್ಕೆ ಸಮನಾಗಿ ಕೊಡಬೇಕು, ಅತಿ ಚಿಕ್ಕ ಆಸ್ಪತ್ರೆಯೂ ತಿಂಗಳಿಗೆ 20,000 ರೂಪಾಯಿಗೆ ಕಡಿಮೆ ಕೊಡಬಾರದು ಎಂದು ಶಿಫಾರಸು ಮಾಡಿತು. ಜಾರಿ ರಾಜ್ಯಗಳ ಕೈಯಲ್ಲಿ ಉಳಿದದ್ದರಿಂದ ಅದು ಸಂದರ್ಶನದ ಮೇಜಿನಲ್ಲಿ ಚೌಕಾಸಿಯ ಆಧಾರವಾಗಿ ಮಾತ್ರ ಉಪಯೋಗಕ್ಕೆ ಬರುತ್ತಿದೆ. ಇಂತಿಷ್ಟು ವರ್ಷ ಬಿಟ್ಟುಹೋಗುವುದಿಲ್ಲ ಎಂಬ ಮುಚ್ಚಳಿಕೆ ಬರೆಸಿಕೊಂಡು ಮೂಲ ಪ್ರಮಾಣಪತ್ರಗಳನ್ನು ಬೀರುವಿನಲ್ಲಿ ಇಟ್ಟುಕೊಳ್ಳುವ ಬಾಂಡ್ ಪದ್ಧತಿ ಸಲ್ಲದೆಂದು ಭಾರತೀಯ ಶುಶ್ರೂಷಾ ಪರಿಷತ್ತು 2011ರಲ್ಲಿ ಹೇಳಿದೆ. ಪರಿಶೀಲಿಸಿದ ಮೂಲ ದಾಖಲೆಗಳನ್ನು ಅದೇ ದಿನ ಹಿಂತಿರುಗಿಸದ ಸಂಸ್ಥೆಗೆ ಸೇರಬಾರದು ಎಂದು ಹಿರಿಯ ದಾದಿಯರು ಕಿರಿಯರಿಗೆ ಹೇಳುವ ಮಾತು ಪಾಲಿಸತಕ್ಕದ್ದೇ ಆಗಿದೆ. 2025ರ ನವೆಂಬರ್ 21ರಂದು ಜಾರಿಗೆ ಬಂದ ಕಾರ್ಮಿಕ ಸಂಹಿತೆಗಳು ನೇಮಕಪತ್ರವನ್ನು ಕಡ್ಡಾಯಗೊಳಿಸಿವೆ ಮತ್ತು ಹೆಣ್ಣುಮಕ್ಕಳ ರಾತ್ರಿ ಪಾಳಿಗೆ ಅವರ ಒಪ್ಪಿಗೆ ಹಾಗೂ ಸುರಕ್ಷತೆಯ ಏರ್ಪಾಡು ಬೇಕೆಂದಿವೆ.

ಪಾಳಿ ಮತ್ತು ರೈಲು

ಎಲ್ಲಿ ಇರುತ್ತೀರಿ ಎಂಬ ಪ್ರಶ್ನೆ ಈ ಊರುಗಳ ಸಂದರ್ಶನದಲ್ಲಿ ತಪ್ಪದೆ ಬರುತ್ತದೆ, ಮತ್ತು ಅದರ ಹಿಂದಿರುವುದು ರೈಲಿನ ವೇಳಾಪಟ್ಟಿ. ಡೊಂಬಿವಲಿ, ಕಲ್ಯಾಣಿನವರು ನವಿ ಮುಂಬಯಿಗೆ ಹೋಗಲು ಥಾಣೆಯಲ್ಲಿ ಇಳಿದು, 2004ರಲ್ಲಿ ಆರಂಭವಾದ ಟ್ರಾನ್ಸ್-ಹಾರ್ಬರ್ ಮಾರ್ಗದ ಗಾಡಿ ಹತ್ತಬೇಕು. ಬೆಳಗಿನ ದಟ್ಟಣೆಯಲ್ಲಿ ಡೊಂಬಿವಲಿಯಲ್ಲಿ ಡಬ್ಬಿಯೊಳಗೆ ಕಾಲಿಡುವುದೇ ಒಂದು ಸಾಹಸ. ಬೆಳಿಗ್ಗೆ ಏಳು ಅಥವಾ ಎಂಟಕ್ಕೆ ಆರಂಭವಾಗುವ ಪಾಳಿಗೆ ಅಂಬರನಾಥ, ಬದ್ಲಾಪುರಗಳಿಂದ ಬರುವವರು ನಸುಕಿಗೇ ಮನೆ ಬಿಡುತ್ತಾರೆ. ಭಾನುವಾರದ ಮೆಗಾ ಬ್ಲಾಕ್, ಅಂದರೆ ಹಳಿ ದುರಸ್ತಿಗಾಗಿ ಕೆಲವು ಗಂಟೆ ಗಾಡಿ ನಿಲ್ಲಿಸುವ ಏರ್ಪಾಡು, ವಾರ್ಡಿನ ಡ್ಯೂಟಿ ಪಟ್ಟಿಯನ್ನೇ ಬದಲಿಸುತ್ತದೆ. ಮಳೆಗಾಲದಲ್ಲಿ ಹಳಿ ಮುಳುಗಿದ ದಿನ ರಾತ್ರಿ ಪಾಳಿಯವರು ಮನೆಗೆ ಹೋಗಲಾರದೆ ಹಗಲಿನ ಪಾಳಿಯನ್ನೂ ಎತ್ತುತ್ತಾರೆ. ಕೋವಿಡ್ ಕಾಲದಲ್ಲಿ ನಿಂತ ಲೋಕಲ್ ರೈಲುಗಳು 2020ರ ಜೂನ್ 15ರಂದು ಅಗತ್ಯ ಸೇವೆಯವರಿಗೆಂದು ಮತ್ತೆ ಓಡತೊಡಗುವವರೆಗೆ ಈ ಊರುಗಳ ಆರೋಗ್ಯ ಸಿಬ್ಬಂದಿ ಬಸ್ಸುಗಳನ್ನು ನಂಬಿಕೊಂಡಿದ್ದರು. ಆದ್ದರಿಂದ ಹಾಸ್ಟೆಲ್, ಅಥವಾ ಕನಿಷ್ಠ ರಾತ್ರಿ ಪಾಳಿಯ ನಂತರ ಮಲಗಲು ಒಂದು ಕೋಣೆ, ಸಂಬಳಕ್ಕಿಂತ ದೊಡ್ಡ ಆಕರ್ಷಣೆಯಾಗುತ್ತದೆ; ಆಯಾಗಳಿಗೆ ಈ ಸೌಲಭ್ಯವನ್ನು ವಿಸ್ತರಿಸಿದ ಸಂಸ್ಥೆಗಳಲ್ಲಿ ಜನ ಉಳಿಯುತ್ತಾರೆ.

ಆಯ್ಕೆಯ ನಂತರ

ಸೇರಿದವರಿಗೆ ಮೂರರಿಂದ ಆರು ತಿಂಗಳ ಪರೀಕ್ಷಾವಧಿ ಇರುತ್ತದೆ. ಒಳ್ಳೆಯ ಆಸ್ಪತ್ರೆಗಳು ಮೊದಲ ಕೆಲವು ದಿನ ಹೊಸಬರನ್ನು ಹಿರಿಯ ನರ್ಸ್ ಒಬ್ಬರ ಜೊತೆ ಇರಿಸಿ, ಪಾಳಿ ಬದಲಾಗುವಾಗ ರೋಗಿಯ ಸ್ಥಿತಿಯನ್ನು ಹಾಸಿಗೆಯ ಬಳಿಯೇ ನಿಂತು ಒಪ್ಪಿಸುವ ಕ್ರಮವನ್ನು ಕಲಿಸುತ್ತವೆ. ಮನೆ ಆರೈಕೆಯಲ್ಲಿ ಇದಕ್ಕೆ ಬದಲಾಗಿ ಒಂದು ವಹಿ ಸಾಕಾಗುತ್ತದೆ: ಎಷ್ಟು ಹೊತ್ತಿಗೆ ಎಷ್ಟು ನೀರು, ಯಾವ ಮಾತ್ರೆ, ಮೂತ್ರ ಎಷ್ಟು ಸಲ, ಯಾವ ಮಗ್ಗುಲು, ಎಲ್ಲಿ ಕೆಂಪಾಗಿದೆ ಎಂದು ಪಾಳಿಯವರು ಬರೆದಿಡುತ್ತಾರೆ, ಬರೆಯಲು ಬಾರದವರು ಗುರುತು ಹಾಕುತ್ತಾರೆ, ಸಂಜೆ ಮನೆಯವರು ಅಥವಾ ವಾರಕ್ಕೊಮ್ಮೆ ಬರುವ ನರ್ಸ್ ಅದನ್ನು ನೋಡುತ್ತಾರೆ.

ಎರಡು ಮೂರು ವರ್ಷಗಳ ಅನುಭವ ತುಂಬಿದ ದಾದಿಯರಲ್ಲಿ ಅನೇಕರು ಕೊಲ್ಲಿ ದೇಶಗಳ, ಬ್ರಿಟನ್ನಿನ ಅಥವಾ ಅಮೆರಿಕದ ಪರೀಕ್ಷೆಗಳಿಗೆ ಓದತೊಡಗುತ್ತಾರೆ. ಹೊರಡುವಾಗ ಅವರಿಗೆ ಬೇಕಾಗುವುದು ಆಸ್ಪತ್ರೆಯ ಅನುಭವ ಪತ್ರ ಮತ್ತು ತಮ್ಮ ವಿರುದ್ಧ ಯಾವ ದೂರೂ ಇಲ್ಲವೆಂದು ನರ್ಸಿಂಗ್ ಕೌನ್ಸಿಲ್ ಕೊಡುವ ಸನ್ನಡತೆಯ ಪ್ರಮಾಣಪತ್ರ. ಇವುಗಳನ್ನು ತಡವಿಲ್ಲದೆ ಕೊಟ್ಟು ಕಳುಹಿಸಿದ ಆಸ್ಪತ್ರೆಗೆ ಅವರ ತಂಗಿಯೋ ಊರಿನ ಗೆಳತಿಯೋ ಮುಂದಿನ ವಾಕ್-ಇನ್‌ಗೆ ಅರ್ಜಿ ಹಿಡಿದು ಬರುತ್ತಾರೆ, ತಡೆಹಿಡಿದ ಆಸ್ಪತ್ರೆಯ ಹೆಸರು ಹಾಸ್ಟೆಲಿನಿಂದ ಹಾಸ್ಟೆಲಿಗೆ ಬೇಗನೆ ಹರಡುತ್ತದೆ.